ದಿಲ್ಲಿಗೆ ಕಾರಲ್ಲಿ ಹೊರಟಿದ್ದೀರಾ? ಮಲಗುವ ಊರು ಮೊದಲು ಗೊತ್ತು ಮಾಡಿ

ಬೆಂಗಳೂರಿನಿಂದ ದಿಲ್ಲಿಗೆ ಕಾರಿನಲ್ಲಿ ಹೋಗಿ ಬಂದವರನ್ನು ಮಾತಿಗೆಳೆದು ನೋಡಿ. ಎಷ್ಟು ದಿನ ಹಿಡಿಯಿತು ಅಂದರೆ ‘ಮೂರೇ ದಿನ’ ಎಂದು ಮೀಸೆ ತಿರುವುತ್ತಾರೆ. ದಾರಿಯಲ್ಲಿ ಏನೇನು ನೋಡಿದಿರಿ ಅಂದರೆ ಟೋಲ್ ಎಷ್ಟಾಯಿತು ಅನ್ನುವುದನ್ನು ಹೇಳುತ್ತಾರೆ. ನಮ್ಮ ನೆಂಟರಲ್ಲೇ ಇಂಥವರು ನಾಲ್ಕು ಮಂದಿ ಇದ್ದಾರೆ.

ಶ್ರೀನಗರದಿಂದ ಕನ್ಯಾಕುಮಾರಿವರೆಗಿನ ರಾಷ್ಟ್ರೀಯ ಹೆದ್ದಾರಿ 44 ದೇಶದಲ್ಲೇ ಉದ್ದವಾದದ್ದು. ಅದರಲ್ಲಿ ಬೆಂಗಳೂರು–ದಿಲ್ಲಿ ಪಾಲು ಸುಮಾರು 2,150 ಕಿ.ಮೀ. ಚಾಲುಕ್ಯರ ಗುಡಿಗಳು, ಮರದ ಬೊಂಬೆ ಮಾಡುವ ಊರು, ಹುಲಿ ಕಾಡು, ಚಂಬಲ್ ಕಣಿವೆ, ಎಲ್ಲ ಇದರ ಅಕ್ಕಪಕ್ಕದಲ್ಲೇ ಇವೆ. ಮೂರು ದಿನದಲ್ಲಿ ಮುಗಿಸುವುದಾದರೆ ವಿಮಾನವೇ ವಾಸಿ. ನಾನು ಹೇಳುವ ಲೆಕ್ಕ ಎಂಟು ದಿನದ್ದು. ಅಷ್ಟು ರಜಾ ಇಲ್ಲದಿದ್ದರೆ ನಾಗಪುರದವರೆಗೆ ಹೋಗಿ ವಾಪಸ್ ಬನ್ನಿ, ತಪ್ಪೇನಿಲ್ಲ.

ತಿಂಗಳು

ಅಕ್ಟೋಬರ್ ಕೊನೆ ಅಥವಾ ಫೆಬ್ರವರಿ. ಮೇ ತಿಂಗಳಲ್ಲಿ ನಾಗಪುರದ ಬಿಸಿಲು ಬೇಡ. ಡಿಸೆಂಬರ್, ಜನವರಿಯಲ್ಲಿ ಗ್ವಾಲಿಯರ್ ದಾಟಿದ ಮೇಲೆ ಮಂಜು. ಮುಂದಿನ ಲಾರಿಯ ಹಿಂದೀಪವೂ ಕಾಣುವುದಿಲ್ಲ. ಮುಗಿಯಿತು, ಮುಂದಿನದಕ್ಕೆ ಹೋಗೋಣ.

ನಿಲ್ಲುವ ಜಾಗಗಳ ಪಟ್ಟಿ

ಫೋನಿನಲ್ಲಿ ಬೇಡ, ನೋಟ್‌ಬುಕ್‌ನಲ್ಲಿ ಮಾಡಿ. ಹಾಳೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ, ಅದೇ ಹೆದ್ದಾರಿ. ಉತ್ತರಕ್ಕೆ ಹೋಗುವಾಗ ಎಡಗಡೆ ಸಿಗುವುದನ್ನು ಗೆರೆಯ ಎಡಕ್ಕೆ, ಬಲಗಡೆ ಸಿಗುವುದನ್ನು ಬಲಕ್ಕೆ ಬರೆಯಿರಿ. ಇದೇನು ಮಕ್ಕಳಾಟ ಅನ್ನಬೇಡಿ. ನಾಲ್ಕು ಪಥದ ರಸ್ತೆಯಲ್ಲಿ ಡಿವೈಡರ್ ಆಚೆ ಒಳ್ಳೆ ಟೀ ಅಂಗಡಿ ಕಂಡರೂ ನಿಮಗೆ ದಕ್ಕುವುದಿಲ್ಲ. ಅಂಡರ್‌ಪಾಸ್ ಹುಡುಕಿ ತಿರುಗಿಸಿಕೊಂಡು ಬಂದು, ಟೀ ಕುಡಿದು, ಮತ್ತೆ ವಾಪಸ್ ತಿರುಗಿಸಲು ಅರ್ಧ ಗಂಟೆ ಬೇಕು. ಅಷ್ಟು ತಾಳ್ಮೆ ಇಲ್ಲದವರು ರಾಂಗ್ ಸೈಡಿನಲ್ಲಿ ನುಗ್ಗುವುದನ್ನು ಎಷ್ಟು ಸಲ ನೋಡಿಲ್ಲ! ಆದ್ದರಿಂದ ಸಣ್ಣಪುಟ್ಟ ನಿಲುಗಡೆಗಳಲ್ಲಿ ಎಡಗಡೆಯವು ಹೋಗುವಾಗ, ಬಲಗಡೆಯವು ಬರುವಾಗ. ದೊಡ್ಡ ಜಾಗಗಳಿಗೆ ಹೇಗೂ ಜಂಕ್ಷನ್ ಇರುತ್ತದೆ.

ಹೆದ್ದಾರಿಯಿಂದ 15 ಕಿ.ಮೀ.ಗಿಂತ ದೂರ ಇರುವುದನ್ನು ಹೊಡೆದು ಹಾಕಿ. ಮ್ಯಾಪ್ ‘22 ನಿಮಿಷ’ ಅನ್ನುತ್ತದೆ. ಆ 22 ನಿಮಿಷದ ದಾರಿಯಲ್ಲಿ ಎಮ್ಮೆ ಹಿಂಡು, ಸಂತೆ, ಮದುವೆ ದಿಬ್ಬಣ ಯಾವುದೂ ಇರುವುದಿಲ್ಲ! ಹೋಗೋಕೆ ಮುಕ್ಕಾಲು ಗಂಟೆ, ಬರೋಕೆ ಅಷ್ಟೇ, ನೋಡೋಕೆ ಒಂದು ಗಂಟೆ, ಪಾರ್ಕಿಂಗ್, ಚಪ್ಪಲಿ, ಅಮ್ಮನಿಗೆ ಬಾತ್‌ರೂಮು ಅಂತ ಇನ್ನೊಂದು ಅರ್ಧ. ಒಂದು ‘ಸಣ್ಣ’ ನಿಲುಗಡೆಗೆ ಮೂರು ಗಂಟೆ ಅಂತಲೇ ಬರೆದುಕೊಳ್ಳಿ. ಹಾಗೆ ಬರೆದರೆ ದಿನಕ್ಕೆ ಒಂದೋ ಎರಡೋ ಉಳಿಯುತ್ತವೆ. ಅಷ್ಟೇ ಸಾಕು.

ಲೇಪಾಕ್ಷಿಯನ್ನೂ ಹೊಡೆದು ಹಾಕಿ ಅಂದರೆ ಕೆಲವರಿಗೆ ಸಿಟ್ಟು ಬರುತ್ತದೆ. ಕೋಡಿಕೊಂಡ ಚೆಕ್‌ಪೋಸ್ಟ್ ಹತ್ತಿರ ಎಡಕ್ಕೆ ತಿರುಗಿದರೆ 15 ಕಿ.ಮೀ. ಅಷ್ಟೇ, ನಿಯಮದೊಳಗೇ ಇದೆ. ಆ ಬಸವಣ್ಣನೂ ಚೆಂದ, ಚಾವಣಿಯ ಚಿತ್ರಗಳೂ ಚೆಂದ. ಆದರೆ ಬೆಂಗಳೂರಿಂದ 120 ಕಿ.ಮೀ. ದೂರದ ಜಾಗ. ಯಾವ ಭಾನುವಾರ ಬೇಕಾದರೂ ಹೋಗಿ ಬರಬಹುದು. ದೂರದ ಪಯಣದ ಮೊದಲ ಬೆಳಗ್ಗೆಯನ್ನು ಅದಕ್ಕೆ ಕೊಟ್ಟವರು ಕತ್ತಲಾದ ಮೇಲೆ ಕರ್ನೂಲಿನಲ್ಲಿ ರೂಮು ಹುಡುಕುತ್ತಿರುತ್ತಾರೆ.

ಮಲಗುವ ಊರು: ಎಡವುವುದು ಇಲ್ಲೇ

ಜನ ಏನು ಮಾಡುತ್ತಾರೆ ಅಂದರೆ, ದಿನಕ್ಕೆ 600 ಕಿ.ಮೀ. ಎಂದು ಮ್ಯಾಪಿನಲ್ಲಿ ಅಳೆದು, ಎಲ್ಲಿ ಮುಗಿಯುತ್ತದೋ ಅಲ್ಲಿ ಹೋಟೆಲ್ ಬುಕ್ ಮಾಡುತ್ತಾರೆ. ನೋಡುವ ಜಾಗಗಳನ್ನು ಆಮೇಲೆ ತುರುಕುತ್ತಾರೆ. ಅವು ಮಧ್ಯಾಹ್ನ ಎರಡಕ್ಕೋ ಸಂಜೆ ಆರಕ್ಕೋ ಬರುತ್ತವೆ. ಎರಡಕ್ಕೆ ಗುಡಿಯ ಬಾಗಿಲು ಹಾಕಿರುತ್ತದೆ, ಕಲ್ಲು ಹಾಸು ಕಾಲು ಸುಡುತ್ತದೆ. ಆರಕ್ಕೆ ಕೋಟೆ ಬೀಗ ಬೀಳುತ್ತದೆ. ಇನ್ನೂ 150 ಕಿ.ಮೀ. ಇದೆಯಲ್ಲಾ ಅನ್ನುವ ಧಾವಂತ ಬೇರೆ.

ನನ್ನದು ಒಂದೇ ನಿಯಮ. ನೋಡಬೇಕಾದ ಜಾಗಕ್ಕಿಂತ ಒಂದು ಊರು ಹಿಂದೆ ಮಲಗಿ. ದಾಟಿ ಹೋಗಿ ಮಲಗಬೇಡಿ, ಮುಂಚೆಯೇ ನಿಲ್ಲಿ. ಬೆಳಗ್ಗೆ ಎದ್ದು ಸ್ನಾನ ಮಾಡಿ ಮೊದಲ ಕೆಲಸವಾಗಿ ಅಲ್ಲಿಗೆ ಹೋದರೆ ತಂಪು ಹೊತ್ತು, ಖಾಲಿ ಜಾಗ, ಗೆಲುವಾದ ಮುಖಗಳು. ಆಮೇಲೆ ಇಡೀ ದಿನ ಓಡಿಸಿ, ಯಾರು ಬೇಡ ಅಂತಾರೆ?

ಮೊದಲ ರಾತ್ರಿ ಕರ್ನೂಲು. ಬೆಂಗಳೂರಿಂದ 360 ಕಿ.ಮೀ. ಅಷ್ಟೇ. ‘ಇಷ್ಟು ಬೇಗ ನಿಲ್ಲಿಸೋದಾ? ಇವತ್ತೇ ಹೈದರಾಬಾದ್ ದಾಟಿಬಿಡೋಣ’ ಅಂತ ನಮ್ಮ ಭಾವ ಪ್ರತಿ ಸಲ ಹೇಳುತ್ತಾರೆ. ‘ನಾಳೆ ಬೆಳಗ್ಗೆ ಹೇಳಿ ಭಾವ’ ಅನ್ನುತ್ತೇನೆ. ಯಾಕೆಂದರೆ ಕರ್ನೂಲು ದಾಟಿ, ಅಲಂಪುರ ಚೌರಸ್ತಾದಲ್ಲಿ ಬಲಕ್ಕೆ ಹೊರಳಿದರೆ ಬಾದಾಮಿ ಚಾಲುಕ್ಯರ ನವಬ್ರಹ್ಮ ಗುಡಿಗಳಿವೆ. ಹೆಸರು ಬ್ರಹ್ಮನದು, ಒಳಗಿರುವವನು ಶಿವ. ಏಳನೇ ಶತಮಾನದ ಆಸುಪಾಸಿನ ಕಟ್ಟಡಗಳು. ಪಟ್ಟದಕಲ್ಲು ನೋಡಿದವರಿಗೆ ಆ ಬಾಗಿದ ಶಿಖರಗಳು ತಕ್ಷಣ ಗುರುತು ಸಿಗುತ್ತವೆ. ಅಲ್ಲಿನ ಗಳಗನಾಥ ಗುಡಿಯನ್ನು ಯಾರೋ ಮತ್ತೆ ಮತ್ತೆ ಬರೆದು ಅಭ್ಯಾಸ ಮಾಡಿದ ಹಾಗಿದೆ. ಪಕ್ಕದಲ್ಲೇ ತುಂಗಭದ್ರೆ. ಹೊಸಪೇಟೆ ಅಣೆಕಟ್ಟು ದಾಟಿ ಬಂದ ನೀರು ಇನ್ನೇನು ಕೃಷ್ಣೆಯನ್ನು ಸೇರಲಿದೆ. ಶ್ರೀಶೈಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಬೇಕಿದ್ದ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲು ಬಿಚ್ಚಿ ತಂದು ಇಲ್ಲೇ ಕಟ್ಟಿದ್ದಾರೆ, ಅದನ್ನು ಬಿಡಬೇಡಿ. ನಾವು ಏಳೂವರೆಗೆ ಹೋದಾಗ ಅಂಗಳ ಗುಡಿಸುವವರು, ಎರಡು ನಾಯಿ, ನಾವು. ಭಾವ ಒಂದೂ ಮಾತಾಡದೆ ಅರ್ಧ ಗಂಟೆ ಒಂದು ಕಿಟಕಿಯ ಜಾಲಂಧ್ರದ ಮುಂದೆ ನಿಂತಿದ್ದರು.

ಎರಡನೇ ರಾತ್ರಿ ನಿರ್ಮಲ್. ನಡುವೆ ಹೈದರಾಬಾದ್. ಶಂಷಾಬಾದ್‌ನಲ್ಲಿ ಹೊರ ವರ್ತುಲ ರಸ್ತೆ ಹತ್ತಿ, ಮೇಡ್ಚಲ್ ಕಡೆ ಇಳಿಯಿರಿ. ಬಿರಿಯಾನಿ ಆಸೆಗೆ ಊರೊಳಗೆ ಇಳಿದಿರೋ, ಮೂರು ಗಂಟೆ ಹೋಯಿತು ಅಂದುಕೊಳ್ಳಿ. ನಿರ್ಮಲ್‌ನಲ್ಲಿ ಬೊಂಬೆ ಮಾಡುವವರ ಸಹಕಾರ ಸಂಘವಿದೆ. ಹಗುರವಾದ ಪೊಣಿಕಿ ಮರ ಕೆತ್ತಿ, ಹುಣಸೆ ಬೀಜದ ಅಂಟಿಗೆ ಮರದ ಪುಡಿ ಕಲಸಿ ಕೈಕಾಲು ಕೂಡಿಸುತ್ತಾರೆ. ನಮ್ಮ ಚನ್ನಪಟ್ಟಣದ ಹಾಗೆ ಕಡೆಯುವುದಲ್ಲ, ಅರಗೂ ಇಲ್ಲ. ಬಣ್ಣ ಹಚ್ಚಿದ ಸೀತಾಫಲವನ್ನು ನಿಜವೆಂದು ಕೈಗೆತ್ತಿಕೊಂಡರೆ ತೂಕವೇ ಇರುವುದಿಲ್ಲ. ಅಂಗಡಿ ತೆರೆಯುವವರೆಗೆ ನಿಧಾನಕ್ಕೆ ತಿಂಡಿ ಮಾಡಿ. ಅವತ್ತು ನಾಗಪುರಕ್ಕೆ 300 ಕಿ.ಮೀ. ಒಳಗೇ ಇದೆ. ಮಳೆಗಾಲ ಆಗಷ್ಟೇ ಮುಗಿದಿದ್ದರೆ ನೇರಡಿಗೊಂಡ ಹತ್ತಿರ ಒಳಕ್ಕೆ ಹೋಗಿ ಕುಂಟಾಲ ಜಲಪಾತ ನೋಡಿ. ನೀರಿಗಿಳಿಯಬೇಡಿ, ಮೇಲಿಂದ ನೋಡಿದರೆ ಸಾಕು.

ನಾಗಪುರದಲ್ಲಿ ಬೇಗ ತಲುಪಿದರೆ ದೀಕ್ಷಾಭೂಮಿ. 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ ಜಾಗ. ಮಾರನೇ ಬೆಳಗ್ಗೆ ಖಾರದ ಸಾರು ಸುರಿದ ತರ್ರಿ ಪೋಹಾ ತಿಂದು ಸಾಗರದ ಕಡೆ ಹೊರಡಿ, 400 ಕಿ.ಮೀ. ನಾಗಪುರ–ಸಿವನಿ ನಡುವೆ ಪೆಂಚ್ ಕಾಡಿನಲ್ಲಿ ರಸ್ತೆ ಸುಮ್ಮನೆ ಮೇಲೇಳುತ್ತದೆ. ಊರಿಲ್ಲ, ಹಳಿ ಇಲ್ಲ, ಇಲ್ಲೇಕೆ ಫ್ಲೈಓವರ್ ಅನ್ನಿಸುತ್ತದೆ. ಹುಲಿ, ಜಿಂಕೆ ಕೆಳಗೆ ದಾಟಲಿ ಎಂದು ಕಟ್ಟಿದ್ದು ಅವು. ಉದ್ದನೆಯದು 750 ಮೀಟರ್ ಇದೆ. ಅಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ, ಆದರೆ ಗೊತ್ತಿದ್ದು ದಾಟುವುದೇ ಬೇರೆ. ಮುಂದೆ ಬರ್ಮಾನ್ ಬಳಿ ನರ್ಮದೆ ಸಿಗುತ್ತಾಳೆ. ಸಾಗರ ಮುಟ್ಟುವ ಮುಂಚೆ ಕರ್ಕಾಟಕ ಸಂಕ್ರಾಂತಿ ವೃತ್ತವನ್ನೂ ದಾಟಿರುತ್ತೀರಿ.

ಅಂದ ಹಾಗೆ, ಸಾಗರದಲ್ಲಿ ರೂಮು ಬುಕ್ ಮಾಡುವಾಗ ರಾಜ್ಯ ಯಾವುದು ನೋಡಿ. ನಗಬೇಡಿ. ನಮ್ಮಲ್ಲೊಬ್ಬರು ಮಧ್ಯಪ್ರದೇಶದ ಸಾಗರ ಅಂದುಕೊಂಡು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ರೂಮು ಮಾಡಿದ್ದರು.

ಐದನೇ ರಾತ್ರಿ ಓರ್ಛಾ. ಝಾನ್ಸಿಯಿಂದ 15 ಕಿ.ಮೀ. ಚಿಲ್ಲರೆ. ಸಾಗರದಿಂದ ಅರ್ಧ ದಿನದ ದಾರಿ, ಆದ್ದರಿಂದ ಇಲ್ಲಿ ಮಾತ್ರ ಮಧ್ಯಾಹ್ನವೇ ಮುಟ್ಟಿ ಸಂಜೆ ಬೇತ್ವಾ ನದಿ ದಂಡೆಯ ಛತ್ರಿಗಳ, ಅಂದರೆ ರಾಜರ ನೆನಪಿನ ಮಂಟಪಗಳ ಹತ್ತಿರ ಕೂರಬಹುದು. ಆರನೇ ದಿನ ದತಿಯಾದ ಏಳಂತಸ್ತಿನ ಅರಮನೆ ನೋಡಿಕೊಂಡು ಗ್ವಾಲಿಯರ್. ಅಲ್ಲಿ ಎಲ್ಲರೂ ಕೋಟೆಯ ಮೇಲಕ್ಕೆ ಓಡುತ್ತಾರೆ. ನೀವು ಏರುದಾರಿಯಲ್ಲಿರುವ ಪುಟ್ಟ ಚತುರ್ಭುಜ ಗುಡಿಯ ಹತ್ತಿರ ನಿಲ್ಲಿ. 876ರ ಶಾಸನದಲ್ಲಿ 270 ಎಂದು ಕೆತ್ತಿದ್ದಾರೆ. ಅದರ ಕೊನೆಯ ಸೊನ್ನೆ ಹೆಚ್ಚುಕಡಿಮೆ ನಾವು ಇವತ್ತು ಬರೆಯುವ ಸೊನ್ನೆಯೇ. ಏಳನೇ ದಿನ ನನ್ನ 15 ಕಿ.ಮೀ. ನಿಯಮವನ್ನು ನಾನೇ ಮುರಿಯುತ್ತೇನೆ. ಮೊರೇನಾ ಕಡೆಯ ಬಟೇಶ್ವರಕ್ಕಾಗಿ. ಬಿದ್ದು ಚೆಲ್ಲಾಡಿದ್ದ ಇನ್ನೂರರಷ್ಟು ಪುಟ್ಟ ಗುಡಿಗಳ ಗುಂಪು, ಪುರಾತತ್ವ ಇಲಾಖೆ ಅದರಲ್ಲಿ ಎಷ್ಟನ್ನೋ ಎತ್ತಿ ಮತ್ತೆ ನಿಲ್ಲಿಸಿದೆ. ಮೊರೇನಾದಲ್ಲಿ ಎಳ್ಳಿನ ಗಜಕ್ ಕಟ್ಟಿಸಿಕೊಂಡು, ಚಂಬಲ್ ಸೇತುವೆ ದಾಟಿ, ರಾತ್ರಿ ಆಗ್ರಾ.

ಈಗ ಕ್ಯಾಲೆಂಡರ್ ತೆಗೆಯಿರಿ

ಎಂಟನೇ ಬೆಳಗ್ಗೆ ತಾಜ್ ಮಹಲ್. ಶುಕ್ರವಾರ ಅದಕ್ಕೆ ರಜಾ. ಇದು ಎಲ್ಲರಿಗೂ ಗೊತ್ತು. ಆದರೆ ಶುಕ್ರವಾರ ಹೊರಟರೆ ಎಂಟನೇ ದಿನವೂ ಶುಕ್ರವಾರವೇ ಅನ್ನುವುದು ನನಗೆ ಹೊಳೆದದ್ದು ಆಗ್ರಾದಲ್ಲಿ, ಆಟೋದವನು ‘ಇವತ್ತು ಜುಮ್ಮಾ ಅಲ್ವಾ ಸಾಹೇಬ್ರೆ’ ಎಂದು ಹಿಂದಿಯಲ್ಲಿ ನಕ್ಕಾಗ. ಯಮುನೆಯ ಆಚೆ ದಡದ ಮೆಹ್ತಾಬ್ ಬಾಗ್‌ಗೆ ಹೋಗಿ ಬೆನ್ನು ನೋಡಿ ಬಂದೆವು. ‘ಕಂಡಿತಲ್ಲ, ಸಾಕು ಬಿಡು’ ಅಂದರು ಅಮ್ಮ. ಭಾವ ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟವಾಯಿತು. ಶನಿವಾರ ಹೊರಡಿ.

ಗಾಡಿ, ಕಾಗದ, ದುಡ್ಡು

ಸರ್ವಿಸ್ ಅನ್ನು ಹೊರಡುವ ಹಿಂದಿನ ದಿನ ಮಾಡಿಸಬೇಡಿ. ಎರಡು ವಾರ ಮುಂಚೆ ಮಾಡಿಸಿ, ಏನಾದರೂ ಸಡಿಲ ಬಿಟ್ಟಿದ್ದರೆ ಊರಲ್ಲೇ ಗೊತ್ತಾಗಲಿ. ಸ್ಟೆಪ್ನಿಗೂ ಗಾಳಿ ನೋಡಿಸಿ. ಎಷ್ಟೋ ಕಾರುಗಳ ಸ್ಟೆಪ್ನಿ ಸಣ್ಣದು, 80 ಕಿ.ಮೀ. ವೇಗ ಮೀರಬೇಡಿ ಎಂದು ಅದರ ಮೇಲೇ ಬರೆದಿರುತ್ತದೆ. ಟಯರಿನೊಳಗೆ ಸುರಿಯುವ ಪಂಕ್ಚರ್ ದ್ರವ ಮಾತ್ರ ಬೇಡವೇ ಬೇಡ. ಒಳಗೆಲ್ಲ ಅಂಟಿಕೊಂಡು, ಪಂಕ್ಚರ್ ಹಾಕುವವನು ಬೈದುಕೊಂಡೇ ಟಯರ್ ಬಿಚ್ಚುತ್ತಾನೆ. ಗಾಜಿಗೆ ಅಂಟಿಸುವ ಅಗ್ಗದ ಫೋನ್ ಹಿಡಿಕೆಯೂ ಬೇಡ. ಆದಿಲಾಬಾದ್ ಬಿಸಿಲಿಗೆ ಅದು ಸರಿಯಾಗಿ ತಿರುವಿನಲ್ಲೇ ಕಳಚಿ ಕಾಲ ಕೆಳಗೆ ಬೀಳುತ್ತದೆ.

ಫಾಸ್ಟ್ಯಾಗ್‌ಗೆ 2025ರ ಆಗಸ್ಟ್ 15ರಿಂದ ವಾರ್ಷಿಕ ಪಾಸ್ ಬಂದಿದೆ. ಶುರುವಾದಾಗ 3,000 ರೂಪಾಯಿ, 200 ಟೋಲ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಈ ಪಯಣಕ್ಕೆ ಲಾಭವೇ. ಆದರೆ ಹೈದರಾಬಾದ್ ವರ್ತುಲ ರಸ್ತೆ, ಆಗ್ರಾ ಆಚೆಯ ಯಮುನಾ ಎಕ್ಸ್‌ಪ್ರೆಸ್‌ವೇ ರಾಜ್ಯಗಳ ಕೈಯಲ್ಲಿವೆ, ಅಲ್ಲಿ ಪಾಸ್ ನಡೆಯುವುದಿಲ್ಲ. ಟ್ಯಾಗ್‌ನಲ್ಲಿ ದುಡ್ಡೂ ಇರಲಿ. ಹಳೇ ಗಾಡಿಯಾದರೆ ದಿಲ್ಲಿಯ ನಿಯಮ ವಿಚಾರಿಸಿ. ಚಳಿಗಾಲದಲ್ಲಿ ಹೊಗೆ ಹೆಚ್ಚಾದಾಗ ಬಿಎಸ್-3 ಪೆಟ್ರೋಲ್, ಬಿಎಸ್-4 ಡೀಸೆಲ್ ಕಾರುಗಳನ್ನು (ಬಿಎಸ್ ಅಂದರೆ ಗಾಡಿ ಹೊಗೆಯ ಮಾನದಂಡ) ತಡೆಯುತ್ತಾರೆ. ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033ಕ್ಕೆ ಫೋನ್ ಮಾಡಿ.

ಊಟದ ಬಗ್ಗೆ ಒಂದು ಮಾತು. ಲಾರಿ ನಿಂತ ಕಡೆ ಊಟ ಚೆನ್ನಾಗಿರುತ್ತದೆ ಅನ್ನುವುದು ಅರ್ಧ ನಿಜ. ಲಾರಿಯವರು ಎಲ್ಲಿ ಜಾಗ ಇದೆಯೋ, ಎಲ್ಲಿ ಮಂಚ ಇದೆಯೋ ಅಲ್ಲಿ ನಿಲ್ಲುತ್ತಾರೆ. ನಾನು ನೋಡುವುದು ತಂದೂರ್ ಉರಿಯುತ್ತಿದೆಯಾ, ರೊಟ್ಟಿ ಬಿಸಿ ಇಳಿಯುತ್ತಿದೆಯಾ ಅನ್ನುವುದನ್ನು. ಮೊದಲ ದಿನಕ್ಕಂತೂ ಮನೆಯ ಪುಳಿಯೋಗರೆ ಸಾಕು.

ಬರುವಾಗ ನೋಟ್‌ಬುಕ್ ಹಾಳೆ ಕೆಳಗಿಂದ ಮೇಲೆ ಓದಿ. ಬಲಗಡೆ ಬರೆದದ್ದೆಲ್ಲ ಈಗ ನಿಮ್ಮ ಎಡಕ್ಕೆ ಬರುತ್ತದೆ. ಅಕ್ಟೋಬರ್ ಆದರೆ ಜಡ್ಚರ್ಲಾಕ್ಕೆ ಮುಂಚೆ ಬಾಲಾನಗರದ ಹತ್ತಿರ ಸೀತಾಫಲದ ಬುಟ್ಟಿಗಳು ಸಾಲಾಗಿರುತ್ತವೆ. ಆ ತಳಿಗೇ ಬಾಲಾನಗರ ಅಂತ ಹೆಸರು. ಹೋಗುವಾಗ ಕೊಂಡರೆ ನಾಗಪುರ ಬರುವಷ್ಟರಲ್ಲಿ ಹಣ್ಣಾಗಿ ಸೀಟಿಗೆ ಮೆತ್ತಿರುತ್ತದೆ. ಬರುವಾಗ, ಕಣ್ಣು ಬಿಟ್ಟಿರುವ ಆದರೆ ಒತ್ತಿದರೆ ಗಟ್ಟಿ ಇರುವ ಕಾಯಿ ಆರಿಸಿ, ಪೇಪರ್ ಸುತ್ತಿ ಡಿಕ್ಕಿಯಲ್ಲಿಡಿ. ಮನೆಗೆ ಬಂದು ಬಟ್ಟೆ ಒಗೆದು ಮುಗಿಸುವ ಹೊತ್ತಿಗೆ ಹಣ್ಣಾಗಿರುತ್ತದೆ.