ಜರ್ಮನ್ ಊರಪತ್ರಿಕೆಯ ಚರಿತ್ರೆ ಹುಡುಕುವ ಬಗೆ

ಜರ್ಮನಿಯ ಯಾವ ಊರಿನ ಪತ್ರಿಕೆಯ ಚರಿತ್ರೆ ಹುಡುಕುವುದಿದ್ದರೂ 1945ರಿಂದಲೇ ಶುರುಮಾಡಿ ಎನ್ನುತ್ತೇನೆ. ನಾತ್ಸಿ ಆಡಳಿತ ಕುಸಿದ ಮೇಲೆ, ಮಿತ್ರಪಡೆಗಳ ಪರವಾನಗಿ ಪಡೆದವರು ಮಾತ್ರ ಪತ್ರಿಕೆ ಹೊರಡಿಸಬಹುದಿತ್ತು.

ಜರ್ಮನಿಯ ಪಶ್ಚಿಮ ಗಡಿಯ ಊರು ಆಖೆನ್ ನನಗೆ ಬಲು ಇಷ್ಟದ ಉದಾಹರಣೆ. 1944ರ ಅಕ್ಟೋಬರ್ 21ರಂದು ಅದು ಅಮೆರಿಕನ್ನರ ಕೈಸೇರಿತು. ಯುದ್ಧ ಇನ್ನೂ ಮುಗಿದಿರಲಿಲ್ಲ, 1945ರ ಜನವರಿ 24ಕ್ಕೆ ಅಮೆರಿಕನ್ನರ ಉಸ್ತುವಾರಿಯಲ್ಲೇ ‘ಆಖೆನರ್ ನಾಖ್ರಿಖ್ಟನ್’ ಪತ್ರಿಕೆ ಹೊರಬಂತು! ಜೂನ್ 27ರಂದು ಮುದ್ರಕ ಹೈನ್ರಿಖ್ ಹೊಲಾಂಡ್ಸ್ ಅವರಿಗೆ ಅದರ ಪರವಾನಗಿ ಸಿಕ್ಕಿತು. ಅಂಥ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಹಿಂದಿನ ಸಂಚಿಕೆಗಳಿಗೆ ಹಳೆಯ ಜರ್ಮನ್ ಪತ್ರಿಕೆಗಳ ಜಾಲತಾಣ ‘ಡಾಯ್ಚಸ್ ಟ್ಸೈಟುಂಗ್ಸ್‌ಪೋರ್ಟಾಲ್’ ತೆರೆಯಿರಿ, ದುಡ್ಡು ಕೊಡಬೇಕಿಲ್ಲ. ಸುದ್ದಿ ಆಮೇಲೆ ಓದಿ. ಮೊದಲು ಪತ್ರಿಕೆಯ ಹೆಸರಿನ ಬಳಿಯ ಸಂಪುಟ ಸಂಖ್ಯೆ, ಪ್ರಕಾಶಕರ ಹೆಸರು ಬರೆದುಕೊಳ್ಳಿ. ಸಂಖ್ಯೆ ಮತ್ತೆ ಒಂದಕ್ಕೆ ಇಳಿದಿದ್ದರೆ ಅಲ್ಲೇನೋ ಕಡಿದಿದೆ: ಮಾಲೀಕರು ಬದಲಾಗಿರಬಹುದು, ಪತ್ರಿಕೆ ನಿಂತು ಮತ್ತೆ ಹುಟ್ಟಿರಬಹುದು.

ಹಳೆಯ ಜರ್ಮನ್ ಮುದ್ರಣದ ಫ್ರಾಕ್ಟೂರ್ ಎಂಬ ಅಕ್ಷರಶೈಲಿಗೆ ಹೆದರಬೇಡಿ. ಅದರ ಉದ್ದನೆಯ ‘ಎಸ್’ ‘ಎಫ್’ನಂತೆಯೇ ಕಾಣುತ್ತದೆ. ಪುಟ ಹಿಗ್ಗಿಸಿ ನೋಡಿ: ‘ಎಫ್’ನ ಅಡ್ಡಗೆರೆ ಕಂಬ ದಾಟಿ ಬಲಕ್ಕೂ ಚಾಚಿರುತ್ತದೆ, ‘ಎಸ್’ಗೆ ಬಲಗಡೆ ಏನೂ ಇರುವುದಿಲ್ಲ.