ಶೇಂಗಾ ಬುಡ ಕೊಳೆ: ನಮ್ಮ ಹೊಲದಲ್ಲಿ ಫಲ ಕೊಟ್ಟ ದಾರಿ

ಚಳ್ಳಕೆರೆ ಕಡೆಯ ನಮ್ಮ ಕೆಂಪು ಮಣ್ಣಿನ ಹೊಲದಲ್ಲಿ, ಕಾಯಿ ಕಟ್ಟೋ ಹೊತ್ತಿಗೆ ಶೇಂಗಾ ಗಿಡ ಅಲ್ಲಲ್ಲಿ ಸೊರಗುತ್ತಿತ್ತು. ಎಳೆದರೆ ಬುಡ ಮುರಿದು ಕೈಗೆ ಬರುತ್ತಿತ್ತು, ಕಾಯಿ ಮಣ್ಣಲ್ಲೇ ಉಳಿಯುತ್ತಿತ್ತು. ಬುಡದ ಸುತ್ತ ಹತ್ತಿಯಂಥ ಬಿಳಿ ಎಳೆ, ಅದರಲ್ಲಿ ಸಾಸಿವೆ ಗಾತ್ರದ ಕಂದು ಉಂಡೆಗಳು. ಇದೇ ಬುಡ ಕೊಳೆ, ಶಿಲೀಂಧ್ರದಿಂದ (ಬೂಷ್ಟಿನ ಜಾತಿ) ಬರೋ ರೋಗ. ಆ ಶಿಲೀಂಧ್ರದ ಈ ಉಂಡೆಗಳು ಬೀಜದಂತೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಗಿಡ ಒಣಗಿದ ಮೇಲೆ ಸುಮ್ನೆ ಔಷಧಿ ಹೊಡೆದು ಏನು ಬಂತು? ಬಿತ್ತೋಕೆ ಮುಂಚೆಯೇ ಕೆಲಸ ಶುರುವಾಗಬೇಕು.

ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿಸಿದೆ. ಉಂಡೆಗಳು ಆಳಕ್ಕೆ ಹೋದರೆ ಮೊಳೆಯೋದು ಕಷ್ಟ.

ಆಮೇಲೆ ಟ್ರೈಕೋಡರ್ಮಾ. ಇದೂ ಶಿಲೀಂಧ್ರವೇ, ಆದರೆ ರೋಗದ ಶಿಲೀಂಧ್ರವನ್ನು ಸುತ್ತಿಕೊಂಡು ತಿನ್ನುತ್ತದೆ. ಎಕರೆಗೆ 2 ಕಿಲೋ ಪುಡಿಯನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಜೊತೆ ಕಲಸಿ, ನೀರು ಚಿಮುಕಿಸಿ, ನೆರಳಲ್ಲಿ ಒದ್ದೆ ಗೋಣಿಚೀಲ ಹೊದಿಸಿಟ್ಟೆ. ಕೆಲವು ದಿನ ಬಿಟ್ಟು ಗೋಣಿ ಸರಿಸಿದರೆ ಗುಡ್ಡೆಯ ಮೇಲೆಲ್ಲ ಹಸಿರು ಬೂಷ್ಟು! ಪುಡಿಯಲ್ಲಿ ಜೀವ ಇದೆ ಅನ್ನೋದಕ್ಕೆ ಅದೇ ಗುರುತು. ಹದ ಮಳೆಯಾದ ಮೇಲೆ ಹೊಲಕ್ಕೆ ಹರಡಿದೆ. ಬೀಜಕ್ಕೂ ಕಿಲೋಗೆ 4 ಗ್ರಾಂ ಲೇಪಿಸಿ ನೆರಳಲ್ಲಿ ಆರಿಸಿದೆ. ಜೊತೆಗೆ ರಾಸಾಯನಿಕ ಶಿಲೀಂಧ್ರನಾಶಕ ಬೆರೆಸಲಿಲ್ಲ. ಬೆರೆಸಿದರೆ ಇದೂ ಸಾಯಬಹುದು ಅಲ್ವಾ.

ಎಲೆಚುಕ್ಕೆ ರೋಗವನ್ನೂ ಬಿಡಬೇಡಿ. ಉದುರಿದ ಎಲೆ ಬುಡದಲ್ಲಿ ಬಿದ್ದರೆ ಬುಡ ಕೊಳೆಗೆ ಅದೇ ಊಟ. ಒಣಗಿದ ಗಿಡಗಳನ್ನು ಕಿತ್ತು ಸುಟ್ಟೆ, ಮುಂದಿನ ಮುಂಗಾರಿಗೆ ಸಜ್ಜೆ ಹಾಕಿದೆ. ಮತ್ತೆ ಶೇಂಗಾ ಬಿತ್ತಿದಾಗ ರೋಗ ಪೂರ್ತಿ ಹೋಗಿರಲಿಲ್ಲ. ಆದರೆ ಸಾಲುಸಾಲೇ ಒಣಗೋದು ನಿಂತಿತ್ತು.