ಸೆನ್ಸರ್ ತೋರಿಸಿದ್ದು 27.5 ಮೀಟರ್, ಸೋರುತ್ತಿದ್ದದ್ದು 70ರಲ್ಲಿ

ಕಾವೇರಿ ನೀರು ಬೆಂಗಳೂರಿಗೆ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ ಮೇಲೆತ್ತಬೇಕು. ಅಷ್ಟು ಕರೆಂಟು ಸುಟ್ಟು ತಂದ ನೀರು ಕೊನೆಯ ಬೀದಿಯಲ್ಲಿ ಮಣ್ಣುಪಾಲಾದರೆ ನನಗೆ ಹೊಟ್ಟೆ ಉರಿಯುತ್ತದೆ.

ನಾವು ಸೋರಿಕೆ ಹುಡುಕಲು ಹೋದ ಹಳೇ ಬಡಾವಣೆಯಲ್ಲಿ ನೀರು ದಿನ ಬಿಟ್ಟು ದಿನ. ನೀರು ಬಿಟ್ಟ ರಾತ್ರಿ ಮನೆಗಳ ಸಂಪು ತುಂಬುವವರೆಗೆ ಬಡಾವಣೆಗೆ ಹೋಗುವ ನೀರನ್ನು ಅಳೆಯುವ ಮೀಟರ್ ಓಡುತ್ತಲೇ ಇರುತ್ತದೆ. ಅದನ್ನೇ ಸೋರಿಕೆ ಅಂದುಕೊಳ್ಳಬಾರದು. ನಾವು ಕಾದೆವು. ಸಂಪುಗಳೆಲ್ಲ ತುಂಬಿ, ಬೆಳಗಿನ ಜಾವ 3 ಗಂಟೆ ಆದರೂ ಗಂಟೆಗೆ 14 ಸಾವಿರ ಲೀಟರ್ ಹೋಗುತ್ತಲೇ ಇತ್ತು. ರಸ್ತೆ ಮಾತ್ರ ಒಣಗಿತ್ತು.

120 ಮೀಟರ್ ಅಂತರದ ಎರಡು ವಾಲ್ವ್‌ಗಳ ತುಕ್ಕು ಉಜ್ಜಿ ತೆಗೆದು, ಒಂದೊಂದಕ್ಕೆ ಒಂದೊಂದು ಸದ್ದು ಹಿಡಿಯುವ ಸೆನ್ಸರ್ ಅಂಟಿಸಿದೆವು. ಸೋರುವ ಸದ್ದು ಪೈಪಿನಲ್ಲೇ ಎರಡೂ ಕಡೆಗೆ ಓಡುತ್ತದೆ. ಮೊದಲ ವಾಲ್ವ್‌ಗೆ ಅದು 52 ಮಿಲಿಸೆಕೆಂಡ್ ಮುಂಚೆ ಮುಟ್ಟಿತ್ತು. ಬೀಡುಕಬ್ಬಿಣದ ಪೈಪಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1250 ಮೀಟರ್. ಆ ಲೆಕ್ಕದಲ್ಲಿ ಮೊದಲ ವಾಲ್ವ್‌ನಿಂದ 27.5 ಮೀಟರ್ ಅಂತ ಬಂತು. ಅಗೆದೆವು. ಪೈಪು ಗಟ್ಟಿಯಾಗಿತ್ತು, ಮಣ್ಣಲ್ಲಿ ಒಂಚೂರೂ ತೇವ ಇರಲಿಲ್ಲ.

ಗುಂಡಿಯ ಪಕ್ಕ ನಿಂತಿದ್ದ ವಾಲ್ವ್‌ಮ್ಯಾನ್ ಅಣ್ಣ ಆಗ ಹೇಳಿದರು: "ಸಾರ್, ಮೋರಿ ಕಟ್ಟುವಾಗ ಎರಡನೇ ವಾಲ್ವ್ ಕಡೆ ನಲವತ್ತು ಮೀಟರ್ ಪಿವಿಸಿ ಹಾಕಿದ್ರಲ್ಲ." ನಕ್ಷೆಯಲ್ಲಿ ಅದು ಇರಲೇ ಇಲ್ಲ. ಅಗೆಯುವ ಮುಂಚೆ ನಾನು ಅವರನ್ನು ಕೇಳಬೇಕಿತ್ತು.

ಪಿವಿಸಿಯಲ್ಲಿ ಸದ್ದು ತುಂಬ ನಿಧಾನ, ಸೆಕೆಂಡಿಗೆ ಸುಮಾರು 400 ಮೀಟರ್ ಅಷ್ಟೇ. ಆ 40 ಮೀಟರ್ ದಾಟೋಕೇ 100 ಮಿಲಿಸೆಕೆಂಡ್ ಬೇಕು. ಅಂದರೆ ಎರಡನೇ ಸೆನ್ಸರ್‌ಗೆ ಸದ್ದು ತಡವಾಗಿ ಮುಟ್ಟಿದ್ದು ದೂರದಿಂದಲ್ಲ, ಪೈಪಿನಿಂದ. 80 ಮೀಟರ್ ಕಬ್ಬಿಣ, 40 ಮೀಟರ್ ಪಿವಿಸಿ ಅಂತ ಬೇರೆ ಬೇರೆ ಹಾಕಿ ಮತ್ತೆ ಲೆಕ್ಕ ಮಾಡಿದೆ. 70 ಮೀಟರ್ ಬಂತು.

ಅಲ್ಲಿ ಅಗೆದಾಗ ಸನಿಕೆಯ ಕೆಳಗೆ ಮಣ್ಣು ಪಿಚಕ್ ಅಂತು. ಸೀಸದ ಜಾಯಿಂಟ್ ಬಾಯಿ ಬಿಟ್ಟಿತ್ತು. ನೀರು ಮೇಲೆ ಬಾರದೆ, ಪೈಪಿನ ಗುಂಟ ಮರಳಿನಲ್ಲೇ ಹರಿದು ಮೋರಿ ಸೇರುತ್ತಿತ್ತು.

ಮುಂದಿನ ಸರದಿಯ ರಾತ್ರಿ ಮೀಟರ್ 6 ಸಾವಿರಕ್ಕೆ ಇಳಿದಿತ್ತು. ಇನ್ನೂ ಎಲ್ಲೋ ಸೋರುತ್ತಿದೆ ಅಲ್ವಾ? ಈ ಸಲ ಸೆನ್ಸರ್ ಇಡುವ ಮುಂಚೆ ಅಣ್ಣನ ಜೊತೆ ಬೀದಿ ಪೂರ್ತಿ ನಡೆದೆ. ಎಲ್ಲೆಲ್ಲಿ ಪೈಪು ಬದಲಾಗಿದೆ ಅಂತ ಅವರು ತೋರಿಸಿದಲ್ಲೆಲ್ಲ ಸುಣ್ಣದಲ್ಲಿ ಗೆರೆ ಎಳೆದೆ.